ಬೆನ್ನಿನ ರಾಡು ಬಿಸಿಲಿಗೆ ಕಾಯುವುದಿಲ್ಲ, ಆದರೆ...

ಮೇ ತಿಂಗಳಿನಲ್ಲಿ ಕಲಬುರಗಿಯ ಬಿಸಿಲು 43 ಡಿಗ್ರಿ ದಾಟಿದಾಗ, ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಕೆಲವರು ಬೆನ್ನೆಲುಬಿಗೆ ಕೂರಿಸಿದ ಲೋಹದ ರಾಡು ಕಾದು ಎಲುಬು ಸುಡುತ್ತದೆಯೇ ಎಂದು ಕೇಳುವುದುಂಟು. ಕಾಯುವುದಿಲ್ಲ. ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿಯಲ್ಲಿಯೇ ನಿಲ್ಲುವುದರಿಂದ, ಸ್ನಾಯುಗಳ ಆಳದಲ್ಲಿ ಹುದುಗಿರುವ ಲೋಹವೂ ಅಷ್ಟೇ ಬೆಚ್ಚಗಿರುತ್ತದೆ. ಆದರೂ ಆ ಪ್ರಶ್ನೆಯ ಹಿಂದಿರುವ ಅನುಮಾನವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮೈಯೊಳಗೆ ಕೂರಿಸಿದ ಲೋಹ ಹತ್ತು, ಇಪ್ಪತ್ತು ವರ್ಷ ಸುಮ್ಮನಿದ್ದೀತೇ ಎಂಬುದು ವೈದ್ಯರನ್ನೂ ಕಾಡುವ ಪ್ರಶ್ನೆಯೇ ಆಗಿದೆ.

ಶಹಾಬಾದ್ ಕಲ್ಲಿನ ಗಣಿಗಳಲ್ಲಿ ಚಪ್ಪಡಿ ಎತ್ತುವವರು, ತೊಗರಿ ಚೀಲ ಹೊರುವ ಹಮಾಲರು, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು, ಬೆನ್ನೆಲುಬಿಗೆ ಕ್ಷಯ ತಗುಲಿದವರು, ಹೀಗೆ ನಮ್ಮ ಭಾಗದಲ್ಲಿ ಈ ಚಿಕಿತ್ಸೆಗೆ ಒಳಗಾಗುವವರು ಹಲವು ಬಗೆಯವರು. ‘ಟೊಂಕದಾಗ ಮಣಕ ಸರಿದಾವ’ ಎಂದು ಆರಂಭವಾಗುವ ಕಥೆ ಎಷ್ಟೋ ಸಲ ಸೊಲ್ಲಾಪುರ ಇಲ್ಲವೇ ಹೈದರಾಬಾದಿನ ಆಸ್ಪತ್ರೆಯಲ್ಲಿ ಸ್ಕ್ರೂ, ರಾಡುಗಳೊಂದಿಗೆ ಒಂದು ಹಂತಕ್ಕೆ ಬರುತ್ತದೆ. ಮನೆಯವರು ಅದನ್ನು ಮುಕ್ತಾಯವೆಂದು ಭಾವಿಸುತ್ತಾರೆ. ದೇಹಕ್ಕೆ ಮಾತ್ರ ಅದು ಆರಂಭ.

ಯಾಕೆಂದರೆ ಬೆನ್ನನ್ನು ಕೊನೆಯವರೆಗೆ ಹೊರುವ ಕೆಲಸವನ್ನು ಲೋಹಕ್ಕೆ ಯಾರೂ ಒಪ್ಪಿಸಿಲ್ಲ. 1911ರಲ್ಲಿ ನ್ಯೂಯಾರ್ಕಿನಲ್ಲಿ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬಿ ಎಂಬ ಇಬ್ಬರು ವೈದ್ಯರು ಬೇರೆಬೇರೆಯಾಗಿ ಬೆನ್ನೆಲುಬಿನ ಕಶೇರುಗಳನ್ನು, ಅಂದರೆ ಮಣಕಗಳನ್ನು, ಒಂದಕ್ಕೊಂದು ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದಾಗ, ಅವರು ನೆಚ್ಚಿಕೊಂಡದ್ದು ಎಲುಬನ್ನೇ. ಆಲ್ಬಿ ಕ್ಷಯ ಹಿಡಿದ ಬೆನ್ನಿಗೆ ರೋಗಿಯ ಕಣಕಾಲಿನ ಎಲುಬಿನ ಪಟ್ಟಿಯನ್ನು ಕಸಿಮಾಡಿದ್ದರು. ಇಂದಿಗೂ ಎರಡು ಕಶೇರುಗಳ ನಡುವೆ ಹೊಸ ಎಲುಬು ಬೆಳೆದು ಅವು ಒಂದಾಗುವುದೇ ಗುರಿ. ಸ್ಲ್ಯಾಬ್ ಗಟ್ಟಿಯಾಗುವವರೆಗೆ ಕೆಳಗೆ ನಿಲ್ಲಿಸುವ ಸೆಂಟ್ರಿಂಗ್ ಕಂಬಗಳಂತೆ, ಆ ಬೆಸುಗೆ ಆಗುವ ತನಕ ಅಲುಗದಂತೆ ಹಿಡಿದಿಡುವುದು ರಾಡು, ಸ್ಕ್ರೂಗಳ ಪಾಲಿನ ಕೆಲಸ. ಒಂದೇ ವ್ಯತ್ಯಾಸವೆಂದರೆ, ಬೆನ್ನಿನ ಸೆಂಟ್ರಿಂಗ್ ಅನ್ನು ಸಾಮಾನ್ಯವಾಗಿ ಬಿಚ್ಚುವುದಿಲ್ಲ.

ಎಲುಬು ಬೆಸೆಯಲು ಆರು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಅಷ್ಟರೊಳಗೆ ಬೆಸುಗೆ ಆಗದಿದ್ದರೆ ನಡೆಯುವ, ಬಾಗುವ, ಕೂತು ಏಳುವ ಪ್ರತಿ ಚಲನೆಯ ಭಾರವೂ ಲೋಹದ ಮೇಲೆಯೇ ಬೀಳುತ್ತದೆ. ಸಾಧಾರಣವಾಗಿ ನಡೆದಾಡುವ ವ್ಯಕ್ತಿ ವರ್ಷಕ್ಕೆ ಹತ್ತು ಲಕ್ಷಕ್ಕಿಂತ ಹೆಚ್ಚು ಹೆಜ್ಜೆ ಹಾಕುತ್ತಾನೆ. ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆಮುಂದೆ ಬಾಗಿಸುತ್ತ ಹೋದರೆ ಅದು ಹೇಗೆ ದಣಿದು ತುಂಡಾಗುತ್ತದೆಯೋ, ರಾಡು ಕೂಡ ಹಾಗೆಯೇ ಕಣ್ಣಿಗೆ ಕಾಣದ ಬಿರುಕಿನಿಂದ ಆರಂಭಿಸಿ ಒಂದು ದಿನ ಮುರಿಯಬಹುದು. ಆದುದರಿಂದ ಮೂರು ವರ್ಷಗಳ ನಂತರ ರಾಡು ಮುರಿದಿದೆ ಎಂದು ತಿಳಿದಾಗ ‘ಮಾಲು ಹಗುರ ಇತ್ತು’ ಎಂದು ಕೂಡಲೇ ತೀರ್ಮಾನಿಸುವುದು ಅವಸರ. ಬಹಳ ಸಲ ಅದು ಎಲುಬು ಬೆಸೆಯಲಿಲ್ಲವೆಂಬುದರ ಕುರುಹು. ನಿಕೋಟಿನ್ ಈ ಬೆಸುಗೆಗೆ ನೇರವಾದ ಅಡ್ಡಿ. ಬೀಡಿ ಬಿಟ್ಟು ತಂಬಾಕು ಜಗಿಯುತ್ತಿದ್ದೇನೆ ಎನ್ನುವವರಿಗೂ ಇದರಲ್ಲಿ ವಿನಾಯಿತಿ ಇಲ್ಲ.

ಸ್ಕ್ರೂ ಸಡಿಲವಾಗುವುದು ಇನ್ನೊಂದು ಬಗೆ. ಮೈಯೊಳಗೆ ಕೂರಿಸುವ ಇಂಥ ಸಾಧನಗಳಲ್ಲಿ (ಇಂಪ್ಲಾಂಟ್) ಹೆಚ್ಚಾಗಿ ಬಳಕೆಯಾಗುವ ಟೈಟಾನಿಯಂ ಮಿಶ್ರಲೋಹದಲ್ಲಿ ಸುಮಾರು 6 ಶೇಕಡಾ ಅಲ್ಯೂಮಿನಿಯಂ, 4 ಶೇಕಡಾ ವೆನೇಡಿಯಂ ಇರುತ್ತದೆ. ಅದರ ಬಿಗುಪು, ಅಂದರೆ ಭಾರಕ್ಕೆ ಬಾಗದೆ ನಿಲ್ಲುವ ಗುಣ, ಸುಮಾರು 110 ಗಿಗಾಪ್ಯಾಸ್ಕಲ್. ಎಲುಬಿನ ಗಟ್ಟಿ ಹೊರಪದರದ್ದು 20 ಗಿಗಾಪ್ಯಾಸ್ಕಲ್ ಮುಟ್ಟುವುದೇ ಕಷ್ಟ. ಹೆಚ್ಚು ಬಿಗುವಾದದ್ದು ಭಾರವನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ. ದುಡಿಯುವ ಎಲುಬು ಬಲಿಯುತ್ತದೆ, ಕೂತುಂಡ ಎಲುಬು ಸೊರಗುತ್ತದೆ ಎಂಬುದನ್ನು ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲಿಯೇ ವಿವರಿಸಿದ್ದ. ಮುಟ್ಟು ನಿಂತ ಹಲವು ಹೆಂಗಸರಲ್ಲಿ ಎಲುಬು ಮೊದಲೇ ಟೊಳ್ಳಾಗಿರುವುದರಿಂದ ಸ್ಕ್ರೂವಿನ ಹಿಡಿತ ಇನ್ನಷ್ಟು ಬೇಗ ಕೈಬಿಡುತ್ತದೆ. ಎಕ್ಸ್‌ರೇಯಲ್ಲಿ ಸ್ಕ್ರೂವಿನ ಸುತ್ತ ಕಪ್ಪು ಗೆರೆಯೊಂದು ಕಾಣಿಸಿಕೊಳ್ಳುತ್ತದೆ. ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದು ಬೆಳೆದ ಯಾದಗಿರಿ, ಕಲಬುರಗಿ ಸೀಮೆಯ ಕೆಲವು ಹಳ್ಳಿಗರ ಎಲುಬು ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಒಳಗೆ ಪೆಡಸಾಗಿರಬಹುದು ಎಂಬುದನ್ನೂ ಇಲ್ಲಿ ಮರೆಯಬಾರದು.

ಇನ್ನು ಎಲ್ಲವೂ ಚೆನ್ನಾಗಿ ಬೆಸೆದವರ ಮಾತು. ಎರಡು ಕಶೇರುಗಳು ಒಂದಾದ ಮೇಲೆ ಅವುಗಳ ನಡುವಿನ ಬಾಗುವಿಕೆ ಇಲ್ಲವಾಗುತ್ತದೆ, ಮನುಷ್ಯ ಬಾಗುವುದು ಮಾತ್ರ ನಿಲ್ಲುವುದಿಲ್ಲ. ಆ ಪಾಲಿನ ಕೆಲಸ ಮೇಲಿನ, ಕೆಳಗಿನ ಕೀಲುಗಳಿಗೆ ಹೋಗುತ್ತದೆ. ಕುತ್ತಿಗೆಯ ಬೆಸುಗೆ ಮಾಡಿಸಿಕೊಂಡವರನ್ನು ಕುರಿತು 1999ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನದ ಪ್ರಕಾರ, ಪಕ್ಕದ ಕೀಲಿನಲ್ಲಿ ಹೊಸ ತೊಂದರೆ ವರ್ಷಕ್ಕೆ 2.9 ಶೇಕಡಾ ಪ್ರಮಾಣದಲ್ಲಿ ಕಾಣಿಸಿಕೊಂಡಿತ್ತು. ಹತ್ತು ವರ್ಷಗಳೊಳಗೆ ಸುಮಾರು ಕಾಲುಭಾಗ ಮಂದಿಗೆ ಅದು ಬರಬಹುದೆಂಬುದು ಅದರ ಅಂದಾಜು. ಇದರಲ್ಲಿ ಬೆಸುಗೆಯ ಪಾಲೆಷ್ಟು, ವಯಸ್ಸಿನ ಸವೆತದ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಎರಡೂ ಸೇರಿವೆ ಎಂಬುದೇ ನನಗೆ ಒಪ್ಪಿಗೆಯಾಗುವ ಮಾತು. ಟೆಕ್ಸಾಸಿನ ಪಾಲ್ ಹ್ಯಾರಿಂಗ್ಟನ್ ಪೋಲಿಯೊದಿಂದ ಬೆನ್ನು ಡೊಂಕಾದ ಮಕ್ಕಳಿಗಾಗಿ ರೂಪಿಸಿ 1962ರಲ್ಲಿ ಪ್ರಕಟಿಸಿದ ರಾಡು ಇನ್ನೊಂದು ಪಾಠ ಕಲಿಸಿತು. ಅದು ಡೊಂಕನ್ನು ಎಳೆದು ನೇರ ಮಾಡುವಾಗ ಟೊಂಕದ ಸಹಜ ಒಳಬಾಗನ್ನೂ ಕೆಲವರಲ್ಲಿ ಅಳಿಸಿಹಾಕಿತು. ಅಂಥವರು ದಶಕಗಳ ನಂತರ ನೆಟ್ಟಗೆ ನಿಲ್ಲಲಾರದೆ ಮುಂದಕ್ಕೆ ಬಾಗತೊಡಗಿದರು.

ಲೋಹ ಮತ್ತು ಉಪ್ಪಿನ ಸಂಬಂಧವನ್ನು ಬೀದರಿನವರಿಗೆ ವಿವರಿಸಬೇಕಾಗಿಲ್ಲ. ಕೋಟೆಯ ಮಣ್ಣು, ನವಸಾಗರವೆಂಬ ಉಪ್ಪು ಸೇರಿದ ಬಿಸಿ ದ್ರವ ತಾಕಿದೊಡನೆ ಬಿದರಿ ಪಾತ್ರೆಯ ಸತುವು ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ದೇಹದ ದ್ರವವೂ ಉಪ್ಪುನೀರೇ. ಟೈಟಾನಿಯಂ ಅದರಲ್ಲಿ ಉಳಿಯುವುದು, ತನ್ನ ಮೇಲೆ ತಾನೇ ಹೊದ್ದುಕೊಳ್ಳುವ, ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆಯ ಬಲದಿಂದ. ಸ್ಕ್ರೂ ಮತ್ತು ರಾಡು ಸೇರುವಲ್ಲಿ ಸೂಕ್ಷ್ಮವಾದ ಉಜ್ಜಾಟ ನಡೆದರೆ ಆ ಪೊರೆ ಹರಿಯುತ್ತದೆ, ಮತ್ತೆ ಕಟ್ಟುತ್ತದೆ, ಮತ್ತೆ ಹರಿಯುತ್ತದೆ. ಉದುರಿದ ಕಣಗಳು ಸುತ್ತಲಿನ ಮಾಂಸವನ್ನು ಕಪ್ಪಾಗಿಸಿ ಕೆರಳಿಸಬಲ್ಲವು. ಸೋಂಕು ಇದಕ್ಕಿಂತ ಕಳ್ಳತನದ್ದು. ಚರ್ಮದ ಮೇಲೆ ಸದಾ ಇರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಲೋಹದ ಮೇಲೆ ಅಂಟುಪೊರೆ ಕಟ್ಟಿಕೊಂಡು, ಜ್ವರವನ್ನೂ ತರದೆ ವರ್ಷಗಟ್ಟಲೆ ಅಡಗಿರಬಲ್ಲದು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಿ ಗುರುತಿಸುವುದಕ್ಕೇ ಎರಡು ವಾರ ಕಾಯಬೇಕಾಗುತ್ತದೆ.

ಹೀಗಿದ್ದರೂ ಹೆಚ್ಚಿನವರ ಬೆನ್ನಿನಲ್ಲಿ ಲೋಹ ತಕರಾರಿಲ್ಲದೆ ಉಳಿಯುತ್ತದೆ, ಅದನ್ನು ತೆಗೆಸಬೇಕಾದ ಪ್ರಸಂಗವೂ ಬರುವುದಿಲ್ಲ. ಒಮ್ಮೆ ಮಾಯವಾದ ನೋವು ವರ್ಷಗಳ ನಂತರ ಮರಳಿದರೆ, ಹಳೆಯ ಗಾಯದಿಂದ ಕೀವು ಒಸರಿದರೆ ತೋರಿಸಿಕೊಳ್ಳಬೇಕು. ಕಾಲುಗಳು ಬಲ ಕಳೆದುಕೊಂಡರೆ, ಮೂತ್ರ ಕಟ್ಟಿದರೆ ಅಥವಾ ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಾದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಆಗ ವೈದ್ಯರು ಮೊದಲು ಕೇಳುವುದು ಹಳೆಯ ಎಕ್ಸ್‌ರೇಯನ್ನು, ಯಾಕೆಂದರೆ ಸ್ಕ್ರೂ ಸರಿದಿದೆಯೋ ಇಲ್ಲವೋ ಎಂಬುದು ಅಂದಿನ ಚಿತ್ರವನ್ನು ಇಂದಿನದರ ಪಕ್ಕ ಹಿಡಿದಾಗಲೇ ತಿಳಿಯುತ್ತದೆ. ಆ ಚಿತ್ರ ಬಹಳಷ್ಟು ಮನೆಗಳಲ್ಲಿ ಅಟ್ಟದ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ, ಬೇಸಿಗೆಯ ಝಳಕ್ಕೆ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತದೆ.