ಸಿಯೆರಾ ಬಂತು, ಫೋರ್ ಬೈ ಫೋರ್ ಯಾವಾಗ?

ಟಾಟಾ ಸಿಯೆರಾ ಮತ್ತೆ ಬರುತ್ತಂತೆ ಅನ್ನುವ ಮಾತು ಪುಣೆಯಲ್ಲಿ ವರ್ಷಗಟ್ಟಲೆ ಓಡಾಡಿತು. ಕೊನೆಗೆ 2025ರ ನವೆಂಬರ್ 25ರಂದು ಗಾಡಿ ಬಿಡುಗಡೆಯಾಯಿತು. ಆರಂಭಿಕ ಬೆಲೆ 11.49 ಲಕ್ಷ ರೂಪಾಯಿ. ಡಿಸೆಂಬರ್ 16ಕ್ಕೆ ಬುಕಿಂಗ್ ಶುರುವಾಯಿತು. ಮೊದಲ ದಿನವೇ ಆರ್ಡರ್ 70,000 ದಾಟಿತು ಎಂದು ಕಂಪನಿ ಹೇಳಿತು. ಅಲ್ಲಿಗೆ ಅಂತೆಕಂತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಈಗ ಪಿಂಪ್ರಿ, ಚಿಂಚವಾಡ, ನಿಗಡಿಯ ಕನ್ನಡ ಮನೆಗಳಲ್ಲಿ ಗಾಡಿಯ ಮಾತು ಬಂದರೆ ಹೊಸದೊಂದು ಸುದ್ದಿ ಕೇಳುತ್ತದೆ. ಇದಕ್ಕೆ ಫೋರ್ ಬೈ ಫೋರ್, ಅಂದರೆ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ವ್ಯವಸ್ಥೆ, ಬರುತ್ತಂತೆ.

ಹೊಸ ಸಿಯೆರಾಕ್ಕೆ ಮೂರು ಎಂಜಿನ್ ಇವೆ. ಎರಡು ಪೆಟ್ರೋಲ್, ಒಂದು ಡೀಸೆಲ್. ಮೂರೂ 1.5 ಲೀಟರ್. ಯಾವುದನ್ನು ಕೊಂಡರೂ ಗಾಡಿಯನ್ನು ಎಳೆಯುವುದು ಮುಂದಿನ ಎರಡು ಚಕ್ರ ಮಾತ್ರ. 1991ರ ಹಳೆಯ ಸಿಯೆರಾದಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುತ್ತಿತ್ತು. ನಾಲ್ಕೂ ಚಕ್ರಕ್ಕೆ ಹೋಗುವ ಮಾದರಿಯೂ ಇತ್ತು. ಷೋರೂಮಿನಲ್ಲಿ ನಿಂತು ನೋಡುವವರಿಗೆ ಇದು ಸಣ್ಣ ವ್ಯತ್ಯಾಸ. ನನಗೆ ಹಾಗನ್ನಿಸುವುದಿಲ್ಲ. ಇಷ್ಟು ವರ್ಷ ಜನ ಕಾದದ್ದು ಯಾವುದಕ್ಕೆ, ಸಿಕ್ಕಿದ್ದು ಯಾವುದು ಎಂಬ ಪ್ರಶ್ನೆ ಇರುವುದೇ ಇಲ್ಲಿ.

ಪುಣೆಯ ಹಳೆಯ ಕನ್ನಡಿಗರ ಬಾಯಲ್ಲಿ ಟಾಟಾ ಮೋಟರ್ಸ್ ಇವತ್ತಿಗೂ ಟೆಲ್ಕೋ. ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೆಳಗಾವಿ ಕಡೆಯಿಂದ ಐಟಿಐ ಮುಗಿಸಿ ಬಂದ ಹುಡುಗರು ಈ ಭಾಗದ ಕಾರ್ಖಾನೆಗಳಲ್ಲಿ ಕೆಲಸ ಹಿಡಿದರು. ಇಲ್ಲೇ ಮನೆ ಕಟ್ಟಿದರು. ಮಕ್ಕಳು ಮರಾಠಿಯಲ್ಲಿ ಆಡಿ, ಕನ್ನಡದಲ್ಲಿ ಬೈಸಿಕೊಂಡು ಬೆಳೆದರು. ಹಾಗಾಗಿ ಸಿಯೆರಾ ಇವರಿಗೆ ಜಾಹೀರಾತಿನಲ್ಲಿ ಕಂಡ ಗಾಡಿಯಲ್ಲ. ತಮ್ಮ ಊರಲ್ಲೇ ಹುಟ್ಟಿದ ಗಾಡಿ.

ಟೆಲ್ಕೋ ಮೊದಲು ಲಾರಿಯ ಕಂಪನಿ. ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗಿನ ಒಪ್ಪಂದ 1954ರಲ್ಲಿ ಶುರುವಾಗಿ 1969ರಲ್ಲಿ ಮುಗಿಯಿತು. ಆಮೇಲೆ ಸ್ವಂತ ಕಾಲ ಮೇಲೆ ನಿಲ್ಲಬೇಕಾಯಿತು. 1986ರಲ್ಲಿ 407 ಎಂಬ ಸಣ್ಣ ಲಾರಿ ಬಂತು. ನಮ್ಮೂರ ಕಡೆ ಮದುವೆ ದಿಬ್ಬಣದಿಂದ ಹಿಡಿದು ಈರುಳ್ಳಿ ಚೀಲದವರೆಗೆ ಎಲ್ಲವನ್ನೂ ಹೊತ್ತ ಗಾಡಿ ಅದು. 1988ರಲ್ಲಿ ಟಾಟಾಮೊಬೈಲ್ ಅನ್ನುವ ಪಿಕಪ್ ಬಂತು. ಅದೇ ವರ್ಷದ ಕೊನೆಗೆ ರತನ್ ಟಾಟಾ ಟೆಲ್ಕೋದ ಅಧ್ಯಕ್ಷರಾದರು. ಮರುವರ್ಷ ಪುಣೆ ಕಾರ್ಖಾನೆಯಲ್ಲಿ ದೊಡ್ಡ ಮುಷ್ಕರ. 1989ರ ಸೆಪ್ಟೆಂಬರ್‌ನಲ್ಲಿ ಕಾರ್ಮಿಕರು ಶನಿವಾರವಾಡೆಯಲ್ಲಿ ಉಪವಾಸ ಕೂತರು. ಪೊಲೀಸರು ಅವರನ್ನು ಬಂಧಿಸಿದ ಮೇಲೆ ಅದು ಮುಗಿಯಿತು. ಆ ಕಹಿ ಇನ್ನೂ ಆರಿರದ ಹೊತ್ತಲ್ಲೇ, 1991ರಲ್ಲಿ, ಸಿಯೆರಾ ಹೊರಬಂತು.

ಅದು ಟಾಟಾಮೊಬೈಲ್ ಪಿಕಪ್ಪಿನದೇ ಮೈ. ಲಾರಿಯ ಹಾಗೆ ಕೆಳಗೆ ಬೇರೆ ಚಾಸಿ ಅನ್ನುವ ಚೌಕಟ್ಟು, ಅದರ ಮೇಲೆ ಕೂರಿಸಿದ ಬಾಡಿ. ಮುಂಭಾಗ ನೋಡಿದರೆ ಪಿಕಪ್ಪಿನ ಗುರುತು ಸಿಗುತ್ತದೆ. ಹಿಂಭಾಗ ಮಾತ್ರ ಆವರೆಗೆ ಯಾರೂ ಕಂಡಿರದ ಹಾಗೆ ಇತ್ತು. ಎರಡೂ ಬದಿಗೆ ದೊಡ್ಡ ಗಾಜು, ಅದು ಬಾಗಿ ಚಾವಣಿಯವರೆಗೆ ಹೋಗುತ್ತಿತ್ತು. ಒಳಗೆ ಪವರ್ ವಿಂಡೋ, ಪವರ್ ಸ್ಟೀರಿಂಗ್, ಎಸಿ. ಅಂಬಾಸಿಡರ್ ಮತ್ತು ಪದ್ಮಿನಿಗಳ ರಸ್ತೆಯಲ್ಲಿ ಇದೆಲ್ಲ ಬೇರೆಯೇ ಲೋಕ. ಕೊರತೆಗಳೂ ಕಡಿಮೆ ಇರಲಿಲ್ಲ. 1.9 ಲೀಟರ್‌ನ ಡೀಸೆಲ್ ಎಂಜಿನ್ನಿಗೆ 60ರ ಆಸುಪಾಸಿನ ಅಶ್ವಶಕ್ತಿ. ಅಷ್ಟು ಭಾರದ ಗಾಡಿಗೆ ಅದು ಸಾಲದು. ಖಂಬಾಟಕಿ ಘಾಟ್ ಹತ್ತುವಾಗ ಅದರ ಉಸಿರು ಕಟ್ಟಿದ್ದರೆ ಆಶ್ಚರ್ಯವೇನಿಲ್ಲ. ಹಿಂದಿನ ಆ ಚೆಂದದ ಗಾಜುಗಳು ತೆರೆಯುತ್ತಿರಲಿಲ್ಲ. ಬದಿಗೆ ಇದ್ದದ್ದು ಎರಡೇ ಬಾಗಿಲು. ಹಿಂದೆ ಕೂರಬೇಕಾದವರು ಮುಂದಿನ ಸೀಟು ಮಡಚಿ ನುಸುಳಬೇಕು. ಸೀರೆ ಉಟ್ಟ ಅಜ್ಜಿಯನ್ನು ಹಾಗೆ ಹತ್ತಿಸಿ ಬೆಳಗಾವಿಗೆ ಕರೆದೊಯ್ಯುವುದು ಸುಲಭದ ಮಾತಾ? ಕುಟುಂಬಗಳು ಹಿಂಜರಿದದ್ದು ಸಹಜ.

ಇಷ್ಟಾದರೂ ಅದಕ್ಕೆ ಪ್ರೀತಿ ಹುಟ್ಟಿದ್ದು ಯಾಕೆ? ಪೇಟೆಯಲ್ಲಿ ಅಂದವಾಗಿ ಕಾಣುವ ಗಾಡಿಯೊಂದು ಕೆಸರಿಗೂ ಇಳಿಯಬಲ್ಲದು ಅನ್ನುವ ಜೋಡಿ ಆಗ ನಮ್ಮಲ್ಲಿ ಇರಲೇ ಇಲ್ಲ. ಮಹೀಂದ್ರ ಜೀಪ್ ಕೆಸರಿಗೆ ಸರಿ, ದೂರದ ಪ್ರಯಾಣಕ್ಕೆ ಮೈ ನುಜ್ಜುಗುಜ್ಜು. 1985ರಿಂದ ಇದ್ದ ಮಾರುತಿ ಜಿಪ್ಸಿಯೂ ಅಷ್ಟೇ, ಮೇಲಾಗಿ ಪೆಟ್ರೋಲ್. ಜೋಂಗಾ ಸೇನೆಯದ್ದು. ಎರಡೂ ಕೆಲಸವನ್ನು ಒಂದೇ ಗಾಡಿ ಮಾಡಬಹುದು ಎಂದು ತೋರಿಸಿದ್ದು ಸಿಯೆರಾ.

ಆದರೆ ಅದನ್ನು ಮೂಲೆಗೆ ತಳ್ಳಿದ್ದೂ ಅದೇ ಕಂಪನಿಯ ಗಾಡಿಗಳು. 1994ರಲ್ಲಿ ಸುಮೋ ಬಂತು. ಹೆಚ್ಚು ಜನ, ಹೆಚ್ಚು ಬಾಗಿಲು, ಬಾಡಿಗೆಗೂ ಆಯಿತು. 1998ರಲ್ಲಿ ಐದು ಬಾಗಿಲಿನ ಸಫಾರಿ ಬಂತು. ಸಿಯೆರಾಕ್ಕೆ ಟರ್ಬೊ ಎಂಜಿನ್ ಸಿಕ್ಕಿ ಹಳೆಯ ದೂರು ಕಮ್ಮಿಯಾಗಿತ್ತು, ಆದರೆ ಕೊಳ್ಳುವವರು ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದರು. 2003ರ ಹೊತ್ತಿಗೆ ಅದರ ಕಥೆ ಮುಗಿಯಿತು.

ಮುಂದಿನ ವರ್ಷಗಳಲ್ಲಿ ಕಂಪನಿ ಸುಮ್ಮನಿತ್ತು. ಮಾತಾಡಿದ್ದು ಜನ. 90ರ ದಶಕದಲ್ಲಿ ಆ ಗಾಜಿಗೆ ಮೂಗು ಒತ್ತಿ ನೋಡಿದ ಮಕ್ಕಳು ದೊಡ್ಡವರಾಗಿ ಸಂಬಳ ಎಣಿಸತೊಡಗಿದರು. ಗುಜರಿ ಸೇರಬೇಕಿದ್ದ ಸಿಯೆರಾಗಳನ್ನು ಹುಡುಕಿ ತಂದು ಕೂಡಿಸಿದರು. ಪಿಕಪ್ ಮತ್ತು ಸುಮೋದ ಬಿಡಿಭಾಗಗಳು ಕೆಲವಕ್ಕೆ ಒಗ್ಗುತ್ತವೆ, ಹಾಗಾಗಿ ಎಂಜಿನ್ ಕಡೆಯ ಕೆಲಸ ಹೇಗೋ ನಡೆಯುತ್ತದೆ. ಗಾಜು ಒಡೆದರೆ ಮಾತ್ರ ಕಷ್ಟ. ಕಾನೂನಿನ ಭಾರವೂ ಇದೆ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದ ಕಾರಿಗೆ ಈ ಶುಲ್ಕ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿತು. ಹಳೆಯ ಸಿಯೆರಾಗಳೆಲ್ಲ ಈಗ ಈ ಲೆಕ್ಕಕ್ಕೇ ಬರುತ್ತವೆ. ಇಷ್ಟು ಖರ್ಚು ಮಾಡಿ ಇಟ್ಟುಕೊಂಡವರಿಗೆ ನನ್ನ ಗೌರವ ಸಲ್ಲುತ್ತದೆ. ಅವರಿಲ್ಲದಿದ್ದರೆ ಆ ಹೆಸರು ಇಷ್ಟು ದಿನ ಉಳಿಯುತ್ತಿರಲಿಲ್ಲ.

2020ರ ಫೆಬ್ರವರಿಯಲ್ಲಿ ಗ್ರೇಟರ್ ನೋಯ್ಡಾದ ಆಟೋ ಎಕ್ಸ್‌ಪೋದಲ್ಲಿ ಪರದೆ ಸರಿಯಿತು. ಒಳಗೆ ಸಿಯೆರಾ ಹೆಸರಿನ ಒಂದು ವಿದ್ಯುತ್ ಕಲ್ಪನಾ ಗಾಡಿ, ಮಾರಾಟಕ್ಕಲ್ಲ, ತೋರಿಸುವುದಕ್ಕೆ ಮಾತ್ರ. ಅದು ಆಲ್ಟ್ರೋಜ್ ಹ್ಯಾಚ್‌ಬ್ಯಾಕಿನ ತಳದ ಮೇಲೆ ನಿಂತಿತ್ತು. 2023ರ ಎಕ್ಸ್‌ಪೋಗೆ ಬರುವಷ್ಟರಲ್ಲಿ ಐದು ಬಾಗಿಲಾಗಿ ನಿಜವಾದ ಗಾಡಿಗೆ ಹತ್ತಿರವಾಯಿತು. 2025ರ ಜನವರಿಯಲ್ಲಿ ದೆಹಲಿಯ ಭಾರತ್ ಮೊಬಿಲಿಟಿ ಪ್ರದರ್ಶನದಲ್ಲಿ ಎಂಜಿನ್ ಇರುವ ಮಾದರಿ ಕಂಡಿತು. ಈ ಮಧ್ಯೆ ಮೈತುಂಬ ಚಿತ್ತಾರದ ಹೊದಿಕೆ ಹೊದ್ದ ಪರೀಕ್ಷಾ ಗಾಡಿಗಳು ರಸ್ತೆಗೆ ಇಳಿದವು. ಒಂದೊಂದು ಫೋಟೋಗೂ ಒಂದೊಂದು ಊಹೆ. ಗಾಡಿಯ ಹಿಂದೆ, ಕೆಳಗೆ, ಎರಡು ಬದಿಯ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಗುಂಡು ಕಾಣುತ್ತಾ ಎಂದು ಹಿಗ್ಗಿಸಿ ನೋಡುವವರು ಇದ್ದರು. ಹಿಂದಿನ ಚಕ್ರಕ್ಕೆ ಶಕ್ತಿ ಹೋಗಬೇಕಾದರೆ ಅಲ್ಲಿ ಅದು ಇರಲೇಬೇಕು ಅಲ್ವಾ.

ಅವರ ಅನುಮಾನಕ್ಕೆ ಕಾರಣ ಸಫಾರಿ. ಅದರ ಕಥೆ ತಿಳಿಯದೆ ಸಿಯೆರಾದ ಈ ಗೊಂದಲ ಅರ್ಥವಾಗುವುದಿಲ್ಲ. ಹಳೆಯ ಸಫಾರಿ ನಿಜವಾದ ಕಾಡುದಾರಿ ಗಾಡಿ. ಬೇರೆ ಚಾಸಿ, ಹಿಂಚಕ್ರದ ಎಳೆತ, ಬೇಕಾದರೆ ಫೋರ್ ಬೈ ಫೋರ್. ಜಿಪ್ಸಿಯ ಜಾಗಕ್ಕೆ ಬೇರೆ ಗಾಡಿ ಹುಡುಕುತ್ತಿದ್ದ ಸೇನೆ 3,192 ಸಫಾರಿ ಸ್ಟಾರ್ಮ್ ಗಾಡಿಗಳಿಗೆ ಆರ್ಡರ್ ಕೊಟ್ಟಿತ್ತು. 2019ರಲ್ಲಿ ಅದರ ತಯಾರಿಕೆ ನಿಂತಿತು. ಅಷ್ಟರಲ್ಲಿ ಟಾಟಾದ್ದೇ ಇನ್ನೊಂದು ಗಾಡಿಯಾದ ಹ್ಯಾರಿಯರ್‌ನ ಉದ್ದದ ರೂಪವೊಂದು ತಯಾರಾಗುತ್ತಿತ್ತು. ಅದನ್ನು ಗ್ರಾವಿಟಾಸ್ ಎಂಬ ಹೆಸರಲ್ಲಿ 2020ರ ಎಕ್ಸ್‌ಪೋದಲ್ಲಿ ತೋರಿಸಿದ್ದರು. 2021ರ ಫೆಬ್ರವರಿಯಲ್ಲಿ ಅದು ಮಾರಾಟಕ್ಕೆ ಬಂದಾಗ ಹೆಸರು ಬದಲಾಗಿತ್ತು. ಸಫಾರಿ! ಎಳೆತ ಮುಂದಿನ ಎರಡು ಚಕ್ರದ್ದು ಮಾತ್ರ. ಒಳ್ಳೆಯ ಗಾಡಿ, ಕುಟುಂಬಕ್ಕೆ ಹಳೆಯದಕ್ಕಿಂತ ಎಷ್ಟೋ ಅನುಕೂಲ. ಆದರೆ ಬೇರೆ ಹೆಸರಲ್ಲಿ ತಯಾರಾದ ಗಾಡಿಗೆ ಹಳೆಯ ಹೆಸರು ಅಂಟಿಸಿದ್ದು ಹಲವರಿಗೆ ನೋವು ತಂದಿತು. ಅವರ ನೋವು ನ್ಯಾಯವಾದದ್ದು ಎಂದೇ ನಾನು ಹೇಳುತ್ತೇನೆ. ಆ ಹೆಸರಿಗೆ ಬೆಲೆ ಬಂದಿದ್ದೇ ಕೆಸರಲ್ಲಿ ಇಳಿದು ಮೇಲೆ ಬಂದದ್ದರಿಂದ.

ಬೇರೆಯವರು ಬೇರೆ ದಾರಿ ಹಿಡಿದರು. ಮಹೀಂದ್ರ 2020ರಲ್ಲಿ ಥಾರ್ ಅನ್ನು ಹೊಸದಾಗಿ ಮಾಡಿದಾಗ ಫೋರ್ ಬೈ ಫೋರ್ ಬಿಡಲಿಲ್ಲ. 2023ರ ಜನವರಿಯಲ್ಲಿ ಹಿಂಚಕ್ರದ ಥಾರ್ 9.99 ಲಕ್ಷಕ್ಕೆ ಬಂತು, ಆದರೆ ನಾಲ್ಕು ಚಕ್ರದ್ದು ಪಕ್ಕದಲ್ಲೇ ಉಳಿಯಿತು. ಪುಣೆಯದೇ ಆದ, ಆಕುರ್ಡಿಯ ಫೋರ್ಸ್ ಮೋಟರ್ಸ್ 2021ರಲ್ಲಿ ಗೂರ್ಖಾವನ್ನು ತಿದ್ದಿ ತಂದಿತು. ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ಕೊಡುವ ಡಿಫರೆನ್ಷಿಯಲ್ ಲಾಕ್ ಅನ್ನು ಮುಂದೆ ಹಿಂದೆ ಎರಡೂ ಕಡೆ ಉಳಿಸಿತು. 2024ರಲ್ಲಿ ಐದು ಬಾಗಿಲಿನ ರೂಪವನ್ನೂ ಕೊಟ್ಟಿತು. ಮಾರುತಿ ಜಿಮ್ನಿಗೆ ಫೋರ್ ಬೈ ಫೋರ್ ಕಡ್ಡಾಯವಾಗಿ ಬರುತ್ತದೆ. ಅದು ಇಲ್ಲಿ ನಿರೀಕ್ಷಿಸಿದಷ್ಟು ಓಡಲಿಲ್ಲ. ಅದೇ ಐದು ಬಾಗಿಲಿನ ಜಿಮ್ನಿ ಇಲ್ಲಿಂದ ಜಪಾನಿಗೆ ಹೋದಾಗ ನಾಲ್ಕೇ ದಿನದಲ್ಲಿ ಸುಮಾರು 50,000 ಆರ್ಡರ್ ಬಂದು ಬುಕಿಂಗ್ ನಿಲ್ಲಿಸಬೇಕಾಯಿತು.

ಹಾಗಾದರೆ ಹೊಸ ಸಿಯೆರಾದಲ್ಲಿ ಯಾಕೆ ಇಲ್ಲ? ಮುಂಚಕ್ರದ ಕಾರಿನಲ್ಲಿ ಎಂಜಿನ್ ಅಡ್ಡಡ್ಡ ಕೂತಿರುತ್ತದೆ. ಗೇರ್‌ಬಾಕ್ಸ್ ಅದರ ಪಕ್ಕ. ಶಕ್ತಿ ಅಲ್ಲೇ ಮುಂದಿನ ಚಕ್ರಕ್ಕೆ ಹೋಗುತ್ತದೆ. ಹಿಂದಕ್ಕೂ ಒಯ್ಯಬೇಕಾದರೆ ಉದ್ದದ ಶಾಫ್ಟ್, ಹಿಂದೊಂದು ಡಿಫರೆನ್ಷಿಯಲ್, ಬೇರೆ ಸಸ್ಪೆನ್ಷನ್ ಬೇಕು. ತೂಕ ಜಾಸ್ತಿ, ಮೈಲೇಜ್ ಕಮ್ಮಿ, ಬೆಲೆ ಇನ್ನಷ್ಟು ಮೇಲೆ. ಅಷ್ಟೆಲ್ಲ ಮಾಡಿದರೂ ಸಿಗುವುದು ಜಾರುವ ರಸ್ತೆಯಲ್ಲಿ ನಾಲ್ಕು ಚಕ್ರದ ಹಿಡಿತ. ಲೋ ರೇಂಜ್ ಬೇರೆಯದೇ ವಿಷಯ. ಥಾರ್, ಗೂರ್ಖಾಗಳಲ್ಲಿ ಇರುವ ಆ ಗೇರ್ ವೇಗವನ್ನು ತಗ್ಗಿಸಿ ಬಲವನ್ನು ಹಿಗ್ಗಿಸುತ್ತದೆ. ತುಂಬಿದ ಬಂಡಿಯನ್ನು ಏರಿನಲ್ಲಿ ಎತ್ತು ಹೆಜ್ಜೆಹೆಜ್ಜೆಗೆ ಎಳೆದ ಹಾಗೆ. ಬಂಡೆಯ ಮೇಲೆ, ಆಳದ ಕೆಸರಲ್ಲಿ ಗಾಡಿಯನ್ನು ಉಳಿಸುವುದು ಅದೇ.

ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಪುಣೆಯಿಂದ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ಮೇಲೆ ಬೆಳಗಾವಿಗೆ ಹೋಗಿಬರುವ ನಮ್ಮವರಿಗೆ ಫೋರ್ ಬೈ ಫೋರ್ ಬೇಕೇ ಬೇಕು ಎಂದಿಲ್ಲ. 2019ರಲ್ಲಿ, 2021ರಲ್ಲಿ ಪಂಚಗಂಗೆ ಉಕ್ಕಿ ಕೊಲ್ಹಾಪುರದ ಬಳಿ ಹೆದ್ದಾರಿ ಮುಳುಗಿದಾಗ ಯಾವ ಗಾಡಿಗೂ ದಾರಿ ಇರಲಿಲ್ಲ. ಹರಿಯುವ ನೀರಿಗೆ ಇಳಿಯುವ ಧೈರ್ಯವನ್ನು ಯಾರೂ ಮಾಡಬಾರದು, ಗಾಡಿ ಎಂಥದ್ದೇ ಇರಲಿ. ಅದು ನಿಜವಾಗಿ ಬೇಕಾಗುವುದು ಮಳೆಗಾಲದಲ್ಲಿ ಮುಳಶಿ, ತಾಮ್ಹಿಣಿ ಕಡೆಯ ಮಣ್ಣಿನ ದಾರಿಗೆ, ಊರ ಕಡೆ ಕಪ್ಪು ಮಣ್ಣಿನ ಹೊಲದ ದಾರಿಗೆ. ಎರಿ ಮಣ್ಣು ಒದ್ದೆಯಾದರೆ ಮುಂಚಕ್ರದ ಕಾರು ಸುಮ್ನೆ ತಿರುಗುತ್ತ ಕೂರುತ್ತದೆ. ಅಲ್ಲಿ ಜಮೀನು ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊಹೆಗೆ ಈಗ ಒಂದಿಷ್ಟು ಗಟ್ಟಿ ನೆಲ ಸಿಕ್ಕಿದೆ. ಹೊಸ ಸಿಯೆರಾದ ತಳಹದಿ ನಾಲ್ಕು ಚಕ್ರದ ಎಳೆತಕ್ಕೂ ಒಗ್ಗುತ್ತದೆ ಎಂದು ಕಂಪನಿ ಹೇಳಿದೆ. 2025ರ ಜೂನ್‌ನಲ್ಲಿ ಬಂದ ಹ್ಯಾರಿಯರ್ ಇವಿಯಲ್ಲಿ, ಅಂದರೆ ಅದರ ವಿದ್ಯುತ್ ರೂಪದಲ್ಲಿ, ಮುಂದೊಂದು, ಹಿಂದೊಂದು ಮೋಟರ್ ಇರುವ ಮಾದರಿ ಇದೆ. ಹೆಕ್ಸಾ ನಿಂತ ಮೇಲೆ ನಾಲ್ಕೂ ಚಕ್ರ ಎಳೆಯುವ ಟಾಟಾ ಕಾರು ಮತ್ತೆ ಬಂದದ್ದು ಹೀಗೆ. ವಿದ್ಯುತ್ ಗಾಡಿಗೆ ಉದ್ದದ ಶಾಫ್ಟ್ ಬೇಡ, ಶಕ್ತಿಯನ್ನು ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸ್ ಬೇಡ. ಇನ್ನೊಂದು ಮೋಟರ್ ಕೂರಿಸಿದರೆ ಆಯಿತು. ಹಾಗಾಗಿ ಸಿಯೆರಾಕ್ಕೆ ನಾಲ್ಕು ಚಕ್ರದ ಎಳೆತ ಮೊದಲು ಬಂದರೆ ಅದರ ಇವಿ ರೂಪಕ್ಕೇ ಬರುವ ಸಾಧ್ಯತೆ ಜಾಸ್ತಿ ಎಂಬುದು ನನ್ನ ಲೆಕ್ಕ. ಆದರೆ ಹ್ಯಾರಿಯರ್ ಇವಿಯ ಆ ಮಾದರಿಯ ಬೆಲೆ 2025ರಲ್ಲಿ 28.99 ಲಕ್ಷದಿಂದ ಶುರುವಾಗಿತ್ತು. ಹೊಲದ ದಾರಿಗೆ ಗಾಡಿ ಬೇಕೆನ್ನುವವರ ಕೈಗೆ ಎಟಕುವ ಬೆಲೆ ಅಲ್ಲ ಇದು. ಅವರಿಗೆ ಬೇಕಾದದ್ದು ಡೀಸೆಲ್ ಸಿಯೆರಾದಲ್ಲೇ ಫೋರ್ ಬೈ ಫೋರ್, ಅದೂ ಮಧ್ಯಮ ದರ್ಜೆಯ ಮಾದರಿಯಲ್ಲಿ. ಮುಂದಿನ ಸಲ ಹೊದಿಕೆ ಹೊದ್ದ ಸಿಯೆರಾ ಚಾಕಣ್ ರಸ್ತೆಯಲ್ಲಿ ಕಂಡರೆ ಹಿಂದಿನ ಚಕ್ರಗಳ ನಡುವೆ ಬಗ್ಗಿ ನೋಡಿ. ಅಲ್ಲಿ ಡಿಫರೆನ್ಷಿಯಲ್ ಇದ್ದು, ಕೆಳಗೆ ಇವಿಗೆ ಇರದ ಹೊಗೆ ಕೊಳವೆಯೂ ಇದ್ದರೆ, ಪಿಂಪ್ರಿಯವರು ಹೇಳುತ್ತಿರುವುದು ಬರೀ ಅಂತೆ ಅಲ್ಲ.