ಮಿದುಳಿಗೆ ರಕ್ತ ಜೋರಾಗಿ ಹರಿದರೆ ಭಯ ಯಾಕೆ?

ಮಿದುಳಿಗೆ ರಕ್ತ ಜಾಸ್ತಿ ಹರಿಯುತ್ತಿದೆ ಅಂದರೆ ಒಳ್ಳೆಯದೇ, ಅಲ್ವಾ? ಸಿಕಲ್ ಸೆಲ್ ಕಾಯಿಲೆ ಇರುವ ಮಕ್ಕಳಲ್ಲಿ ಈ ಲೆಕ್ಕ ಉಲ್ಟಾ.

ಈ ಮಕ್ಕಳ ಹಿಮೋಗ್ಲೋಬಿನ್‌ನಲ್ಲಿ ಹುಟ್ಟಿನಿಂದಲೇ ಒಂದು ಸಣ್ಣ ದೋಷ ಇರುತ್ತದೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ. ಮಾಮೂಲಿ ಕಣ ಸುಮಾರು 120 ದಿನ ಬಾಳುತ್ತದೆ. ಇದು 10–20 ದಿನಕ್ಕೇ ಒಡೆದುಹೋಗುತ್ತದೆ. ಹಾಗಾಗಿ ರಕ್ತಹೀನತೆ ಸದಾ ಬೆನ್ನಿಗಿರುತ್ತದೆ. ಆಮ್ಲಜನಕ ಸಾಲದಿದ್ದರೆ ಮಿದುಳು ಸುಮ್ನೆ ಕೂರುವುದಿಲ್ಲ. ರಕ್ತನಾಳಗಳು ಹಿಗ್ಗಿ ಹೆಚ್ಚು ರಕ್ತ ಬರಮಾಡಿಕೊಳ್ಳುತ್ತವೆ. ಕೊರತೆಯೇನೋ ತುಂಬುತ್ತದೆ. ಆದರೆ ಜ್ವರ ಬಂದೋ, ಹಿಮೋಗ್ಲೋಬಿನ್ ದಿಢೀರನೆ ಇಳಿದೋ ಇನ್ನೂ ರಕ್ತ ಬೇಕಾದಾಗ, ಮತ್ತಷ್ಟು ಹಿಗ್ಗಲು ಜಾಗವೇ ಇರುವುದಿಲ್ಲ.

ಇದರ ಜೊತೆಗೆ ಕೆಲವು ಮಕ್ಕಳಲ್ಲಿ ದೊಡ್ಡ ನಾಳಗಳ ಒಳಗೋಡೆ ದಪ್ಪಗಾಗಿ ದಾರಿ ಕಿರಿದಾಗುತ್ತದೆ. ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ಚಿಮ್ಮುತ್ತದಲ್ಲ, ಹಾಗೆ ಅಲ್ಲಿ ರಕ್ತದ ವೇಗ ಏರುತ್ತದೆ.

ಆ ವೇಗವನ್ನು ಡಾಪ್ಲರ್ ಅಲ್ಟ್ರಾಸೌಂಡ್ ಅಳೆಯುತ್ತದೆ. ಕಿವಿಯ ಮುಂದೆ, ಮೂಳೆ ತೆಳ್ಳಗಿರುವ ಕಡೆ ಜೆಲ್ ಹಚ್ಚಿ ಪುಟ್ಟ ಉಪಕರಣ ಇಡುತ್ತಾರೆ. ನೋವಿಲ್ಲ. ಆದರೆ ಮಗು ನಿದ್ದೆ ಮಾಡಬಾರದು, ಅಳಲೂಬಾರದು. ಉಸಿರಾಟ ಬದಲಾದರೆ ವೇಗವೂ ಏರುಪೇರಾಗುತ್ತದೆ. ಎರಡು ವರ್ಷದ ಮಗುವಿಗೆ ಇದನ್ನು ಹೇಳಿ ನೋಡಿ! ಸರಾಸರಿ ವೇಗ ಸೆಕೆಂಡಿಗೆ 170 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಸರಿ. 200 ಮುಟ್ಟಿದರೆ ಸ್ಟ್ರೋಕ್ ಅಪಾಯ ಹೆಚ್ಚು.

1998ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಹೀಗೆ ವೇಗ ಏರಿದ್ದ 130 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನಿಯಮಿತವಾಗಿ ರಕ್ತ ಕೊಟ್ಟರು. ಕೊಡದ ಗುಂಪಿನಲ್ಲಿ 11 ಮಕ್ಕಳಿಗೆ ಸ್ಟ್ರೋಕ್ ಆಯಿತು, ಕೊಟ್ಟ ಗುಂಪಿನಲ್ಲಿ ಒಂದೇ ಮಗುವಿಗೆ. ಸಂಶೋಧಕರು ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಆದರೆ ರಕ್ತ ಕೊಡುವುದನ್ನು ನಿಲ್ಲಿಸಿದರೆ ಅಪಾಯ ಮರಳುತ್ತದೆ, ಕೊಡುತ್ತಲೇ ಇದ್ದರೆ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುತ್ತದೆ. ಒಂದು ವರ್ಷವಾದರೂ ರಕ್ತ ಪಡೆದು, ನಾಳಗಳು ಹೆಚ್ಚು ಕೆಡದ ಮಕ್ಕಳನ್ನು ಕಣ ಬಾಗುವುದನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆಗೆ ಬದಲಾಯಿಸಬಹುದು ಎಂದು 2016ರಲ್ಲಿ ಗೊತ್ತಾಯಿತು.

ನನ್ನ ಮಟ್ಟಿಗೆ ಜಾಸ್ತಿ ಕಾಡುವುದು ಸದ್ದಿಲ್ಲದ ಸ್ಟ್ರೋಕ್. ಕೈಕಾಲು ಬೀಳುವುದಿಲ್ಲ, ಮಾತು ತೊದಲುವುದಿಲ್ಲ. ಮಿದುಳಿನ ಪುಟ್ಟ ಭಾಗ ಮಾತ್ರ ಸತ್ತಿರುತ್ತದೆ. ಕಾಯಿಲೆ ತೀವ್ರವಾಗಿರುವ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಮಗು ಪಾಠದಲ್ಲಿ ಹಿಂದೆ ಬೀಳುತ್ತದೆ, ಸೋಮಾರಿ ಅಂತ ಬೈಸಿಕೊಳ್ಳುತ್ತದೆ. ಡಾಪ್ಲರ್ ಸರಿ ಇದ್ದರೂ ಇದು ಇರಬಹುದು. ಅದಕ್ಕೇ ಶಾಲೆಗೆ ಹೋಗುವ ಆರಂಭದ ವಯಸ್ಸಿನಲ್ಲಿ ಒಮ್ಮೆಯಾದರೂ ಎಂಆರ್‌ಐ ಮಾಡಿಸಿ ಎಂದು ರಕ್ತರೋಗ ತಜ್ಞರ ಸಂಘವಾದ ಅಮೆರಿಕನ್ ಸೊಸೈಟಿ ಆಫ್ ಹೆಮಟಾಲಜಿ 2020ರಲ್ಲಿ ಸಲಹೆ ಕೊಟ್ಟಿದೆ.