ಕಂದು ಜಿಗಿಹುಳು: ಭತ್ತದ ಬುಡದಲ್ಲಿ ಬೆಳೆದ ಪಿಡುಗು

ಗದ್ದೆಯ ನಡುವೆ ದುಂಡಗೆ ಒಂದಿಷ್ಟು ಜಾಗದ ಪೈರು ಹಳದಿಗೆ ತಿರುಗಿ, ಕೆಲವೇ ದಿನಗಳಲ್ಲಿ ಸುಟ್ಟಂತೆ ಒಣಗುತ್ತದೆ. ಎಲೆ ನೋಡಿದರೆ ಕಾರಣ ತಿಳಿಯದು. ಪೈರನ್ನು ಬಿಡಿಸಿ ನೀರಿಗೆ ತಾಗಿದ ಬುಡವನ್ನು ನೋಡಬೇಕು. ಅಲ್ಲಿ ಮೂರ್ನಾಲ್ಕು ಮಿಲಿಮೀಟರ್ ಉದ್ದದ ಕಂದು ಜಿಗಿಹುಳುಗಳು ಗುಂಪುಗಟ್ಟಿ ಕೂತಿರುತ್ತವೆ.

1854ರಲ್ಲಿ ಸ್ವೀಡನ್ನಿನ ಕಾರ್ಲ್ ಸ್ಟಾಲ್ ಹೆಸರಿಟ್ಟ ಈ ಕೀಟ ಡೆಲ್ಫಾಸಿಡೇ ಕುಟುಂಬದ್ದು. ಹಿಂಗಾಲಿನ ತುದಿಯತ್ತ ಅತ್ತಿತ್ತ ಆಡುವ ದೊಡ್ಡ ಮುಳ್ಳೊಂದಿದ್ದರೆ ಅದು ಈ ಕುಟುಂಬದ ಹುಳು ಎಂದು ಧೈರ್ಯವಾಗಿ ಹೇಳಬಹುದು. ಬಾಯಿ ಎಂದರೆ ನಾಲ್ಕು ಅತಿ ಸಪೂರ ಸೂಜಿಗಳ ಕಟ್ಟು. ಒಳಗಿನ ಎರಡು ಸೂಜಿಗಳು ಒಂದಕ್ಕೊಂದು ಸೇರಿ ಎರಡು ನಾಳಗಳಾಗುತ್ತವೆ: ಒಂದರಲ್ಲಿ ಜೊಲ್ಲು ಇಳಿಯುತ್ತದೆ, ಇನ್ನೊಂದರಲ್ಲಿ ಗಿಡದ ರಸ ಏರುತ್ತದೆ. ಹೀರಿದ್ದರಲ್ಲಿ ಹೆಚ್ಚಾದ ಸಕ್ಕರೆ ಅಂಟುದ್ರವವಾಗಿ ಹೊರಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ.

ಡೆಲ್ಫಾಸಿಡೇ ಹುಳುಗಳಲ್ಲಿ ಹೆಚ್ಚಿನವು ಹುಲ್ಲಿನ ಜಾತಿಯ ಗಿಡಗಳನ್ನೇ ನೆಚ್ಚಿಕೊಂಡಿವೆ. ಕಂದು ಜಿಗಿಹುಳುವಿನ ಆಯ್ಕೆ ಇನ್ನೂ ಕಿರಿದು, ಬಹುಮಟ್ಟಿಗೆ ಭತ್ತ ಮತ್ತು ಅದರ ಕಾಡು ಬಂಧುಗಳು ಮಾತ್ರ. ಪೈರು ಎಳೆಯದಾಗಿ ಮೇವು ಸಮೃದ್ಧವಾಗಿದ್ದರೆ ಗಿಡ್ಡ ರೆಕ್ಕೆಯ ಹೆಣ್ಣುಗಳು ಹುಟ್ಟಿ ಅಲ್ಲೇ ನಿಂತು ಮೊಟ್ಟೆ ಇಡುತ್ತವೆ. ಗುಂಪು ದಟ್ಟವಾಗಿ ಪೈರು ಬಲಿತಾಗ ಉದ್ದ ರೆಕ್ಕೆಯವು ಹುಟ್ಟಿ ಬೇರೆ ಗದ್ದೆಗೆ ಹಾರುತ್ತವೆ. ಜಪಾನಿನ ಚಳಿಗಾಲವನ್ನು ಇವು ತಾಳಲಾರವು. ಅಲ್ಲಿಗೆ ಪ್ರತಿ ಬೇಸಿಗೆಯಲ್ಲಿ ಸಮುದ್ರ ದಾಟಿ ಗಾಳಿಯೊಂದಿಗೆ ಹೊಸದಾಗಿ ಬರುತ್ತವೆ.

ಉಷ್ಣವಲಯದ ಏಷ್ಯಾದಲ್ಲಿ 1960ರ ದಶಕದವರೆಗೂ ಇದು ದೊಡ್ಡ ತಲೆನೋವಾಗಿರಲಿಲ್ಲ. ಆಮೇಲೆ ಗಿಡ್ಡ ತಳಿಗಳು ಬಂದವು, ಯೂರಿಯಾ ಹೆಚ್ಚಿತು, ವರ್ಷಕ್ಕೆ ಎರಡು ಮೂರು ಬೆಳೆ ಶುರುವಾಯಿತು. ಹುಳುವಿಗೆ ಸಾರಜನಕ ತುಂಬಿದ ರಸ ಬಿಡುವಿಲ್ಲದೆ ಸಿಕ್ಕಿತು. ಕೀಟನಾಶಕ ಈ ಕಷ್ಟವನ್ನು ಹೆಚ್ಚಿಸಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊಟ್ಟೆಗಳು ಎಲೆಯ ಬುಡದ ಹೊದಿಕೆಯೊಳಗೆ ಭದ್ರವಾಗಿದ್ದವು. ಸತ್ತದ್ದು ಜಿಗಿಹುಳುಗಳನ್ನು ತಿನ್ನುವ ಜೇಡಗಳು ಮತ್ತು ಆ ಮೊಟ್ಟೆಗಳನ್ನೇ ಹೀರುವ, ಗದ್ದೆಯಲ್ಲಿ ಬದುಕುವ ತಿಗಣೆ ಜಾತಿಯ ಕೀಟಗಳು.

ನಿರೋಧಕ ತಳಿಯ ಹುಡುಕಾಟದಲ್ಲಿ ಭಾರತದ ಮುಡ್ಗೊ ಭತ್ತ ಸಿಕ್ಕಿತು. ಅದರ ಮೇಲೆ ಕೂತ ಹುಳು ಚುಚ್ಚುತ್ತದೆ, ಆದರೆ ಹೆಚ್ಚು ಹೀರದೆ ಸೊರಗುತ್ತದೆ. ಅಂಥದೇ ನಿರೋಧಕ ಗುಣದ ಒಂದು ಜೀನ್ ಇದ್ದ ಐಆರ್ 26 ತಳಿಯನ್ನು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1973ರಲ್ಲಿ ಹೊರತಂದಿತು. ಕೆಲವೇ ವರ್ಷಗಳಲ್ಲಿ ಅದನ್ನೂ ಹೀರಬಲ್ಲ ಹುಳುಗಳು ಎದ್ದವು. ಬೇರೊಂದು ಜೀನ್ ಹೊತ್ತ ಐಆರ್ 36, 1976ರಲ್ಲಿ ಬಂತು. ಇಂಡೋನೇಷ್ಯಾ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿ, ಜೇಡ, ತಿಗಣೆಗಳಂಥ ಮಿತ್ರಜೀವಿಗಳನ್ನು ಉಳಿಸಿಕೊಳ್ಳುವ ದಾರಿ ಹಿಡಿಯಿತು. ಒಂದಕ್ಕಿಂತ ಹೆಚ್ಚು ನಿರೋಧಕ ಜೀನ್‌ಗಳಿರುವ ಕೇರಳದ ಪಟ್ಟಾಂಬಿಯ ಪಿಟಿಬಿ 33 ತಳಿಯನ್ನು ಇಂದಿಗೂ ಹೊಸ ತಳಿಗಳ ಪರೀಕ್ಷೆಯಲ್ಲಿ ಹೋಲಿಕೆಗೆ ಇಟ್ಟುಕೊಳ್ಳುತ್ತಾರೆ.